ವಸ್ತಾದರು ಇಳಿಸಿದ ಗಾಳಿ

ಪ್ರತಿ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಆರಕ್ಕೆ ನಾನು ಟ್ರಂಕು ತೆಗೆದು ಒರೆಸುತ್ತೇನೆ. ನೌಕರಿಯಿಂದ ನಿವೃತ್ತನಾದ ಮೇಲೂ ಈ ಕ್ರಮ ತಪ್ಪಿಲ್ಲ. ಟ್ರಂಕಿನ ತಳದಲ್ಲಿ ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟ ಒಂದು ಗಂಟಿದೆ. ಅದನ್ನು ಮಾತ್ರ ಬಿಚ್ಚುವುದಿಲ್ಲ. ಎತ್ತುತ್ತೇನೆ, ಕೆಳಗೆ ಒರೆಸುತ್ತೇನೆ, ಮತ್ತೆ ಇಡುತ್ತೇನೆ. ಈ ಸೋಮವಾರ ಎತ್ತುವಾಗ ಬಟ್ಟೆ ಕೈಯಲ್ಲೇ ಹರಿಯಿತು. ರಬ್ಬರಿನ ವಾಸನೆ, ಅದರ ಹಿಂದೆಯೇ ಟ್ಯೂಬಿಗೆ ಸವರುವ ಬಿಳಿ ಪುಡಿಯ ಸಪ್ಪೆ ವಾಸನೆ... ಕೋಣೆಯಲ್ಲೆಲ್ಲ ಹರಡಿತು. ಅದು ಸೈಕಲ್ಲಿನ ಒಂದು ಟ್ಯೂಬು. ಉದ್ದಕ್ಕೆ ಗೇಣಿನಷ್ಟು ಸೀಳಿದೆ.

ಆ ಸೀಳನ್ನು ಮೊದಲು ನನಗೆ ತೋರಿಸಿದವರು ನಮ್ಮ ವಸ್ತಾದರು.

ನಮ್ಮ ಕಡೆ ತಾಲೀಮಿನಲ್ಲಿ ಕುಸ್ತಿ ಕಲಿಸುವವರಿಗೆ ವಸ್ತಾದ ಎನ್ನುತ್ತಾರೆ. ಇವರೂ ಒಂದು ಕಾಲಕ್ಕೆ ಕುಸ್ತಿ ಹಿಡಿದವರೇ. ಮೊಣಕಾಲು ಕೆಟ್ಟ ಮೇಲೆ ಹಳೇ ಹುಬ್ಬಳ್ಳಿಯಲ್ಲಿ ಮಸೀದಿಯ ಹತ್ತಿರ ಸೈಕಲ್ ರಿಪೇರಿಯ ಅಂಗಡಿ ಹಾಕಿದ್ದರು. ಎರಡನೆಯ ಮಹಾಯುದ್ಧ ಶುರುವಾಗುವ ಮೊದಲಿನ ಮಾತು ಇದು. ಊರಿನ ವಕೀಲರೊಬ್ಬರು ಹುರುಪಿನ ಮನುಷ್ಯ; ಸೈಕಲ್ ಓಟದ ತಂಡ ಕಟ್ಟಿ, ಅದನ್ನು ತಯಾರು ಮಾಡಲು ಇವರನ್ನು ಒಪ್ಪಿಸಿದ್ದರು. ಸಂಬಳವಿಲ್ಲ. ತಂಡದಲ್ಲಿ ನಾವು ನಾಲ್ವರು. ನಾನು ಆಗ ಕಚೇರಿಯೊಂದರಲ್ಲಿ ಗುಮಾಸ್ತ. ನನಗೆ ಹತ್ತಿರದ ಗೆಳೆಯನೆಂದರೆ ರೈಲ್ವೆ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದವನು. ಅವನನ್ನು ನಾವು ಟರ್ನರ್ ಎಂದೇ ಕರೆಯುತ್ತಿದ್ದೆವು.

ವರ್ಷಕ್ಕೊಮ್ಮೆ, ಹೋಳಿ ಮುಗಿದ ಮೇಲಿನ ಭಾನುವಾರ, ಧಾರವಾಡದ ತಂಡಕ್ಕೂ ನಮಗೂ ಓಟ. ಹುಬ್ಬಳ್ಳಿಯಿಂದ ಹೊರಟು ಧಾರವಾಡ ಮುಟ್ಟಿ ತಿರುಗಿ ಹುಬ್ಬಳ್ಳಿಗೆ. ಮೊದಲು ಬಂದವನ ತಂಡಕ್ಕೆ ಬೆಳ್ಳಿಯ ಢಾಲು, ಅಂದರೆ ಶೀಲ್ಡು. ಐದು ವರ್ಷ ಸತತವಾಗಿ ಢಾಲು ಧಾರವಾಡಕ್ಕೇ ಹೋಗಿತ್ತು. ಈ ಸಲವೂ ಸೋತರೆ ವಸ್ತಾದರನ್ನು ಬಿಡಿಸಿ ಬೇರೆಯವರನ್ನು ನೋಡುವುದಾಗಿ ವಕೀಲರು ಎಲ್ಲರ ಮುಂದೆ ಹೇಳಿದ್ದರು. ವಸ್ತಾದರು ತಲೆಯಾಡಿಸಿದ್ದರು, ಅಷ್ಟೇ.

ಅಭ್ಯಾಸ ಬೆಳಿಗ್ಗೆ ಐದೂವರೆಗೆ. ಗಬ್ಬೂರಿನ ಕಡೆಗೆ ಹೋಗಿ ಬರುವುದು. ನಾನು ಐದು ಇಪ್ಪತ್ತಕ್ಕೇ ಅಂಗಡಿಯ ಮುಂದೆ ನಿಂತಿರುತ್ತಿದ್ದೆ. ಅದಕ್ಕೇ ಅವರು ನನಗೆ ಗಡಿಯಾರ ಸಾಯೇಬ್ರು ಎಂದು ಹೆಸರಿಟ್ಟಿದ್ದರು. ನಾವು ನಾಲ್ವರು ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ತುಳಿಯಬೇಕು. ಅವರು ತಮ್ಮ ಹಳೆಯ ಭಾರದ ಸೈಕಲ್ ಹತ್ತಿ, ನೋಯುವ ಕಾಲನ್ನು ಸಡಿಲ ಬಿಟ್ಟು, ಹಿಂದಿನಿಂದ ಕೂಗುತ್ತ ಬರುತ್ತಿದ್ದರು.

“ಗಡಿಯಾರ ಸಾಯೇಬ್ರ, ಗಾಡಿ ಹೊಡ್ಯಾಕ ಬಂದೀರೋ, ಸಹಿ ಮಾಡಾಕ ಬಂದೀರೋ? ಮುಂದಿನಾಂವನ ಬೆನ್ನ ಹಿಂದ ಅಡಕ್ಕೋರಿ! ಎದರಗಾಳಿ ಅವಂಗ ಬಡೀಲಿ, ನಿಮಗ್ಯಾಕ?”

“ಆ ಗಾಳಿ ದಿನಾ ನನಗ ಬಡ್ಯಾಕತ್ತೇತಲ್ರಿ ವಸ್ತಾದ್ರ!” ಎಂದು ಮುಂದಿನಿಂದ ಟರ್ನರ್ ಕೂಗುತ್ತಿದ್ದ.

“ನಿನ್ನ ಬೆನ್ನು ಊರ ಅಗಸಿ ಬಾಗಲ ಇದ್ದಂಗ ಐತಿ. ನೀನ ಮುಂದ ಇರಬೇಕು!”

ಅವರ ಪದ್ಧತಿಗಳೆಲ್ಲ ತಾಲೀಮಿನವು. ತಾಲೀಮಿನಲ್ಲಿ ವಸ್ತಾದ ಹೇಳಿದ್ದಕ್ಕೆ ಯಾಕೆ ಎಂದು ಕೇಳುವಂತಿಲ್ಲ, ಇಲ್ಲಿಯೂ ಹಾಗೆಯೇ. ಓಟದ ಹಿಂದಿನ ದಿನ ನಾಲ್ಕೂ ಸೈಕಲ್ ಅವರ ಅಂಗಡಿ ಸೇರಬೇಕು. ಓಟದ ಬೆಳಿಗ್ಗೆ ಅವರು ಕೈ ತೊಳೆದುಕೊಂಡು ಪ್ರತಿ ಸೈಕಲ್ಲಿನ ಹ್ಯಾಂಡಲ್ ಮುಟ್ಟಿ ಆ ಕೈಯನ್ನು ಹಣೆಗೆ ಒತ್ತಿಕೊಳ್ಳುತ್ತಿದ್ದರು. ಅವರು ಕೈ ಇಟ್ಟ ಮೇಲೆ, ಬಯಲಿಗೆ ತಳ್ಳಿಕೊಂಡು ಹೋಗುವುದು ಬಿಟ್ಟರೆ, ಹತ್ತುವ ತನಕ ಸೈಕಲ್ಲನ್ನು ಯಾರೂ, ಅದರ ಒಡೆಯನೂ, ಮುಟ್ಟಬಾರದು. ಟಯರಿನ ಗಾಳಿಯನ್ನು ಹೆಬ್ಬೆಟ್ಟಿನಿಂದ ಒತ್ತಿಯೇ ನೋಡುತ್ತಿದ್ದರು. ನನಗೆ ಅದು ಸರಿಬರುತ್ತಿರಲಿಲ್ಲ. ನಾನು ಪಂಪಿನ ಹೊಡೆತ ಎಣಿಸುವವನು. ಎಷ್ಟು ಹೊಡೆತ, ಎಷ್ಟು ಮೈಲು, ಎಷ್ಟು ನಿಮಿಷ, ಎಲ್ಲವೂ ನನ್ನ ಕಿಸೆಯ ಪುಸ್ತಕದಲ್ಲಿ ಇರುತ್ತಿತ್ತು.

ಸಂಶಯದ ಮೊದಲ ಹನಿ ಬಿದ್ದದ್ದು ಓಟಕ್ಕೆ ಹತ್ತು ದಿನ ಇರುವಾಗ. ಟರ್ನರ್ ಕಚೇರಿಯ ಹೊರಗೆ ನನಗಾಗಿ ಕಾಯುತ್ತ ನಿಂತಿದ್ದ.

“ಒಂದು ಮಾತು ಹೇಳ್ತೇನಿ, ಯಾರ ಮುಂದೂ ಆಡಬ್ಯಾಡ. ನಿನ್ನೆ ವಸ್ತಾದ್ರು ಧಾರವಾಡದಾಗ ಇದ್ರು. ಅಲ್ಲಿ ತಂಡಕ್ಕ ಕಲಸೂ ಮಾಸ್ತರ ಜೋಡಿ ಕುಂತು ಚಹಾ ಕುಡ್ಯಾಕತ್ತಿದ್ರು.”

“ಏನರ ಸಾಮಾನು ತರಾಕ ಹೋಗಿರಬೇಕು.”

“ಸಾಮಾನು ತರಾಂವ ಎದುರಾಳಿ ಜೋಡಿ ಒಂದು ತಾಸು ಕುಂದರ್ತಾನ ಏನು? ಐದು ವರ್ಷ ಯಾಕ ಸೋತೇವಿ, ನೀನ ವಿಚಾರ ಮಾಡು.”

ನಾನು ವಿಚಾರ ಮಾಡಿದೆ. ನನಗೆ ಯಾವುದನ್ನೂ ಅರ್ಧಕ್ಕೆ ಬಿಟ್ಟು ಗೊತ್ತಿಲ್ಲ. ಕಿಸೆಯ ಪುಸ್ತಕದ ಹಿಂದಿನ ಪುಟಗಳಲ್ಲಿ ವಸ್ತಾದರ ಚಲನವಲನ ಬರೆದಿಡಲು ಶುರು ಮಾಡಿದೆ. ಮಂಗಳವಾರ ನನ್ನ ಸೀಟನ್ನು ಕಾಲು ಇಂಚು ಇಳಿಸಿದರು, ಕಾರಣ ಹೇಳಲಿಲ್ಲ. ಬುಧವಾರ ಉಳಿದ ಮೂವರಿಗೆ ಬೈದರು, ನನಗೆ ಬೈಯಲಿಲ್ಲ. ಗುರುವಾರ ಅಂಗಡಿ ಮುಚ್ಚಿ ಮತ್ತೆ ಧಾರವಾಡದ ದಾರಿ ಹಿಡಿದರು. ಬಿಡಿಬಿಡಿಯಾಗಿ ಇವು ಏನೂ ಅಲ್ಲ. ಒಂದರ ಕೆಳಗೆ ಒಂದು ಬರೆದು ನೋಡಿದರೆ ಎಲ್ಲವೂ ಒಂದೇ ಕಡೆ ಬೆರಳು ಮಾಡುತ್ತಿದ್ದವು. ಅವರದು ಮಸೀದಿಯ ಓಣಿ, ನಮ್ಮದು ಗುಡಿಯ ಓಣಿ... ಆ ದಿನಗಳಲ್ಲಿ ಸಂಶಯ ಬಲಿಯಲು ಅಷ್ಟೂ ಬೇಕಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ.

ಓಟದ ದಿನ ಐದು ಹತ್ತಕ್ಕೇ ಅಂಗಡಿಗೆ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಂದೀಲಿನ ಬೆಳಕಿನಲ್ಲಿ ವಸ್ತಾದರು ನನ್ನ ಸೈಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಮುಂದಿನ ಗಾಲಿಯ ವಾಲ್ವ್ ಸಡಿಲ ಮಾಡಿದ್ದರು. ಗಾಳಿ ಸುಯ್ಯೆಂದು ಹೊರಗೆ ಹೋಗುವ ಸಪ್ಪಳ ನನಗೆ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಹೆಬ್ಬೆಟ್ಟು ಒತ್ತಿ ನೋಡಿ ಬಿಗಿ ಮಾಡಿದರು. ಎದ್ದು ಹ್ಯಾಂಡಲ್ ಮುಟ್ಟಿ ಕೈಯನ್ನು ಹಣೆಗೆ ಒತ್ತಿಕೊಂಡರು. ತಿರುಗಿ ನನ್ನನ್ನು ನೋಡಿದರು. ಗಾಬರಿಯಾಗಲಿಲ್ಲ.

“ಬರ್ರಿ ಗಡಿಯಾರ ಸಾಯೇಬ್ರ. ನಿಮ್ಮ ಗಾಡಿ ತಯಾರ ಐತಿ. ಕೈ ಇಟ್ಟೇನಿ, ಇನ್ನ ಮುಟ್ಟಬ್ಯಾಡ್ರಿ.”

ಆ ಹೊತ್ತಿಗೆ ಮಸೀದಿಯಿಂದ ಆಜಾನ್ ಕೇಳಿಸಿತು. ಅವರು ಟೊಪ್ಪಿಗೆ ಹಾಕಿಕೊಂಡು ನಮಾಜಿಗೆ ಹೋದರು. ಅಂಗಡಿಯಲ್ಲಿ ನಾನೊಬ್ಬನೇ. ಗಾಳಿ ತೆಗೆದವರು ಅದನ್ನು ಮರೆಮಾಚಲೂ ಇಲ್ಲವಲ್ಲ ಎಂಬುದೇ ನನಗೆ ಹೆಚ್ಚಿನ ಪುರಾವೆಯಾಗಿ ಕಂಡಿತು. ಇಷ್ಟು ಧೈರ್ಯ ಇರಬೇಕಾದರೆ ಒಳಗೆ ಏನೋ ಇದ್ದೇ ಇದೆ! ಗೋಡೆಗೆ ಒರಗಿಸಿದ್ದ ಪಂಪು ತೆಗೆದುಕೊಂಡೆ. ಹನ್ನೆರಡು ಹೊಡೆತ ಹಾಕಿದೆ. ಟಯರು ಕಲ್ಲಿನಂತಾಯಿತು. ಪಂಪನ್ನು ಇದ್ದಲ್ಲೇ ಇಟ್ಟು, ಅಭ್ಯಾಸಬಲದಿಂದ ಪುಸ್ತಕ ತೆಗೆದು ಬರೆದೆ: “5-25. ಮುಂದಿನ ಗಾಲಿ. ಹನ್ನೆರಡು.”

ಓಟ ಏಳು ಗಂಟೆಗೆ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದ್ದರು. ಸ್ಟೇಶನ್ನಿನ ಹತ್ತಿರದ ಬಯಲಿನಲ್ಲಿ ಎಂಟು ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಲಾಯಿತು. ನಿಶಾನೆ ಬೀಸಬೇಕಾಗಿದ್ದ ಮುಖ್ಯ ಅತಿಥಿಗಳು ಏಳಕ್ಕೆ ಬರಲಿಲ್ಲ, ಎಂಟಕ್ಕೂ ಬರಲಿಲ್ಲ. ಬಂದಾಗ ಒಂಬತ್ತೂಕಾಲು. ಹಾರ, ಭಾಷಣ ಎಲ್ಲ ಮುಗಿಯುವಷ್ಟರಲ್ಲಿ ಸೈಕಲ್ಲಿನ ಹ್ಯಾಂಡಲ್ ಹಿಡಿದರೆ ಕೈ ಸುಡುತ್ತಿತ್ತು. ವಸ್ತಾದರು ಬೇವಿನ ಮರದ ಕೆಳಗೆ ನಿಂತು ಒಂದೊಂದೇ ಟಯರನ್ನು ದೂರದಿಂದ ನೋಡುತ್ತಿದ್ದರು. ತಮ್ಮ ಕೈ ಇಟ್ಟ ಮೇಲೆ ತಾವೂ ಮುಟ್ಟುವವರಲ್ಲ.

ಹೋಗುವಾಗ ನಾನು ಟರ್ನರನ ಬೆನ್ನ ಹಿಂದೆ ಇದ್ದೆ. ಧಾರವಾಡದಲ್ಲಿ ತಿರುಗಿದ ಮೇಲೆ ಮುಂದೆ ಬಂದೆ. ಸೀಟು ಇಳಿಸಿದ್ದರಿಂದ ಕಾಲು ಸೋಲಲಿಲ್ಲ ಎಂಬುದು ಆಗಲೇ ಗೊತ್ತಾಗಿತ್ತು. ಆದರೆ ಆ ವಿಚಾರವನ್ನು ಬದಿಗೆ ಸರಿಸಿದೆ. ನವಲೂರು ದಾಟಿದೆ, ರಾಯಾಪುರ ದಾಟಿದೆ. ಹಿಂದೆ ನೂರು ಮಾರು ಯಾರೂ ಇರಲಿಲ್ಲ. ಉಣಕಲ್ಲಿನ ಇಳಿಜಾರಿನಲ್ಲಿ ಎದುರಿಗೆ ಒಂದು ಚಕ್ಕಡಿ ಬಂತು. ಬ್ರೇಕು ಒತ್ತಿದೆ. ಮುಂದಿನ ಗಾಲಿಯಲ್ಲಿ ಬಂದೂಕು ಹಾರಿದಂತೆ ಸಪ್ಪಳವಾಯಿತು...

ಕಣ್ಣು ಬಿಟ್ಟಾಗ ಕಡಿಕಲ್ಲಿನ ಮೇಲೆ ಬಿದ್ದಿದ್ದೆ. ಅಮ್ಮಿನಬಾವಿಯ ತರುಣನೊಬ್ಬ, ಧಾರವಾಡದ ತಂಡದವನು, ನನ್ನನ್ನು ದಾಟಿ ಹೋದ. ಢಾಲು ಅವನೊಂದಿಗೆ ಹೋಯಿತು. ಮೊಣಕಾಲಿನಿಂದ ರಕ್ತ ಸುರಿಯುತ್ತಿತ್ತು. ಸುತ್ತ ನೆರೆದ ಜನರ ಮುಂದೆ ನಾನು ಚೀರಿದೆ: “ವಸ್ತಾದ್ರು ಗಾಳಿ ತಗದಾರ! ನಾ ಕಣ್ಣಾರೆ ನೋಡೇನಿ!” ಟಾಂಗಾದಲ್ಲಿ ನನ್ನನ್ನು ಹುಬ್ಬಳ್ಳಿಗೆ ತರುವುದರೊಳಗೆ ಆ ಮಾತು ನನಗಿಂತ ಮೊದಲೇ ಊರು ಮುಟ್ಟಿತ್ತು.

ಮರುದಿನ ಸಂಜೆ ವಕೀಲರ ಪಡಸಾಲೆಯಲ್ಲಿ ಎಲ್ಲರೂ ಸೇರಿದೆವು. ವಸ್ತಾದರು ಬಿಳಿ ಅಂಗಿ ತೊಟ್ಟು ಬಂದಿದ್ದರು. ಕೈಯಲ್ಲಿ ನನ್ನ ಸೈಕಲ್ಲಿನಿಂದ ಬಿಚ್ಚಿದ ಈ ಟ್ಯೂಬು ಇತ್ತು.

“ಗಾಳಿ ತಗದದ್ದು ಖರೇ ಏನು?” ವಕೀಲರು ಕೇಳಿದರು.

“ಖರೇ ರಿ. ನಾಕೂ ಗಾಡಿದು ತಗದೇನಿ.”

“ಧಾರವಾಡದ ಮಾಸ್ತರ ಜೋಡಿ ಚಹಾ ಕುಡದದ್ದು?”

“ಅದೂ ಖರೇ. ಗಾಡಿ, ಹುಡುಗೂರನ್ನ ನೆರಳಿನ್ಯಾಗ ನಿಲ್ಲಸೂಣು, ಇಬ್ಬರೂ ಕೂಡಿ ನಿಮಗ ಕೇಳೂಣು ಅಂತ ಎರಡು ಸಲ ಹೋಗಿದ್ದೆ. ಅವರು ಒಪ್ಪಲಿಲ್ಲ.” ಟ್ಯೂಬನ್ನು ಈ ಕೈಯಿಂದ ಆ ಕೈಗೆ ಬದಲಿಸಿ ಹೇಳಿದರು, “ನೀವು ಏಳಕ್ಕ ಅಂತ ಛಾಪಸ್ತೀರಿ ಸಾಯೇಬ್ರ. ಐದು ವರ್ಷದಾಗ ಅತಿಥಿಗಳು ಏಳಕ್ಕ ಬಂದದ್ದು ನಾ ನೋಡಿಲ್ಲ. ಗಾಡಿ ಬಿಸಲಾಗ ನಿಂತ್ರ ಒಳಗಿನ ಗಾಳಿ ಉಬ್ಬತೈತಿ. ಮ್ಯಾಲೆ ಇಳಕಲದಾಗ ಬ್ರೇಕ್ ಹಾಕಿದ್ರ ಗಾಲಿ ಕಾಯ್ತೈತಿ. ಅದಕ್ಕ ಮೊದಲ ಇಳಸಿದ್ದೆ. ಉಳದ ಮೂರೂ ಗಾಡಿ ಸುರಳೀತ ಬಂದಾವು.”

ಟ್ಯೂಬನ್ನು ಮೇಜಿನ ಮೇಲೆ ಹರಡಿ ಸೀಳಿನ ಮೇಲೆ ಬೆರಳಾಡಿಸಿದರು. “ಮೊಳಿ ನಟ್ಟಿದ್ರ ತೂತು ಬೀಳತೈತಿ. ಗಾಳಿ ಕಡಿಮಿ ಇದ್ರ ಚಿವುಟಿದಂಗ ಆಗತೈತಿ. ಹಿಂಗ ಉದ್ದಕ ಹರೀಬೇಕಂದ್ರ ಒಳಗ ಗಾಳಿ ಭಾಳ ಇರಬೇಕು.”

ನನಗೆ ಆ ಕ್ಷಣಕ್ಕೆ ಎಲ್ಲ ತಿಳಿಯಿತು. ಕಿಸೆಯಲ್ಲಿ ಪುಸ್ತಕ ಇತ್ತು. ಅದರಲ್ಲಿ ಹನ್ನೆರಡು ಹೊಡೆತ ಇದ್ದವು.

ವಸ್ತಾದರು ನನ್ನ ಕಡೆಗೆ ತಿರುಗಿದರು. ಸಿಟ್ಟಿರಲಿಲ್ಲ. ಟಯರು ಒತ್ತಿ ನೋಡುವಾಗ ಇರುತ್ತಿದ್ದ ಮುಖವೇ ಇತ್ತು.

“ಗಡಿಯಾರ ಸಾಯೇಬ್ರ, ನಾ ಕೈ ಇಟ್ಟ ಮ್ಯಾಲೆ ಗಾಡಿ ಯಾರರ ಮುಟ್ಟಿದ್ರೇನು?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಿನ್ನೆ ಬೀದಿಯಲ್ಲಿ ಚೀರಿದ್ದವನು ನಾನು. ಢಾಲು ಕಳೆದವನೂ ನಾನೇ ಎಂದು ಈಗ ಹೇಗೆ ಹೇಳಲಿ?

“ಇಲ್ರಿ,” ಎಂದೆ.

ವಕೀಲರು ಕನ್ನಡಕ ತೆಗೆದರು. “ಇಂವ ಶಿಸ್ತಿನ ಮನಶ್ಯಾ. ನಿಮಿಷಕ್ಕ ನಿಮಿಷ ಬರದ ಇಡಾಂವ. ಇಂವ ಸುಳ್ಳು ಹೇಳೂದಿಲ್ಲ.”

ಪುಸ್ತಕ ತೋರಿಸು ಎಂದು ಯಾರೂ ಕೇಳಲಿಲ್ಲ. ವಸ್ತಾದರು ನನ್ನ ಅಂಗಿಯ ಕಿಸೆಯನ್ನು ಒಮ್ಮೆ ನೋಡಿದರು. ಅಥವಾ ನನಗೆ ಹಾಗೆ ಅನಿಸಿತೋ ಏನೋ... ಆಮೇಲೆ, “ಆತು ಬಿಡ್ರಿ,” ಎಂದು ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ನೋಯುವ ಕಾಲಿಗೆ ಸ್ವಲ್ಪ ಹೊತ್ತು ಹಿಡಿಯಿತು. ಯಾರೂ ಎದ್ದು ಆಸರೆ ಕೊಡಲಿಲ್ಲ. ಟ್ಯೂಬು ಮೇಜಿನ ಮೇಲೆಯೇ ಉಳಿಯಿತು. ನನ್ನದೇ ಸೈಕಲ್ಲಿನದು ಎಂದು ನಾನು ತೆಗೆದುಕೊಂಡು ಬಂದೆ.

ತಂಡ ಅವರ ಕೈಬಿಟ್ಟಿತು. ಮುಂದಿನ ವರ್ಷ ಬೇರೆಯವರು ಕಲಿಸಿದರು; ಆಗಲೂ ಸೋತೆವು. ಆಮೇಲೆ ಯುದ್ಧ ಬಂತು. ಟಯರು ಸಿಗದಂತಾಗಿ ಓಟವೇ ನಿಂತಿತು. ಹಳೇ ಹುಬ್ಬಳ್ಳಿಗೆ ಹೋಗಬೇಕಾದರೆ ನಾನು ಸುತ್ತು ಹಾಕಿ ಬೇರೆ ಓಣಿಯಿಂದ ಹೋಗುತ್ತಿದ್ದೆ. ಅವರು ನನ್ನ ವಿಷಯ ಯಾರಿಗಾದರೂ ಹೇಳಿರಬಹುದೇ ಎಂಬ ಸಂಶಯ ಬಹಳ ವರ್ಷ ಕಾಡಿತು. ಕಚೇರಿಯಲ್ಲಿ ಯಾರಾದರೂ ಗಡಿಯಾರ ನೋಡಿ ನಕ್ಕರೂ ಅದೇ ಇರಬೇಕು ಎನ್ನಿಸುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

ಒಮ್ಮೆ ಗದಗಿನ ರೈಲಿನಲ್ಲಿ ಧಾರವಾಡದ ಆ ಮಾಸ್ತರರು ಎದುರಿಗೆ ಕೂತಿದ್ದರು. ಮಾತಿಗೆ ಮಾತು ಬಂದು ಅವರೇ ಹೇಳಿದರು: “ನಿಮ್ಮ ವಸ್ತಾದ್ರು ನೆರಳು ಕೇಳಾಕ ಬಂದಿದ್ರು. ನಾನ ಹೂಂ ಅನಲಿಲ್ಲ. ನಮ್ಮ ಹುಡುಗೂರಿಗೆ ಬಿಸಲು ರೂಢಿ ಐತಿ, ನಿಮ್ಮವರಿಗೆ ಇಲ್ಲ ಅಂತ ಲೆಕ್ಕಾ ಹಾಕಿದ್ದೆ. ಭಾಳ ಸಂಭಾವಿತ ಮನಶ್ಯಾ ಅಂವ.”

ಮರುದಿನ ಬೆಳಿಗ್ಗೆ ಐದು ಇಪ್ಪತ್ತಕ್ಕೆ ಪುಸ್ತಕ ಕಿಸೆಯಲ್ಲಿಟ್ಟುಕೊಂಡು ಅಂಗಡಿಯ ಮುಂದೆ ನಿಂತೆ. ಬಾಗಿಲಿಗೆ ಬೇರೆಯವರ ಬೀಗ. ಪಕ್ಕದ ಮನೆಯ ಹೆಣ್ಣುಮಗಳು ನೀರು ಚೆಲ್ಲುತ್ತ ಹೇಳಿದಳು, “ವಸ್ತಾದ ಕಾಕಾರು ತೀರಿಕೊಂಡು ಎರಡು ವರ್ಷ ಆತ್ರಿ. ನಿಮಗ ಯಾರೂ ಹೇಳಲಿಲ್ಲೇನು?”

ಯಾರು ಹೇಳಬೇಕಿತ್ತು...

ಸೋಮವಾರ ಆ ಟ್ಯೂಬನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ಕೂತಿದ್ದೆ. ರಬ್ಬರು ಒಣಗಿ ಬಿರುಕು ಬಿಟ್ಟಿದೆ, ಪುಡಿ ಬೆರಳಿಗೆ ಹತ್ತುತ್ತದೆ. ಏಳಕ್ಕೆ ಚಹಾ ಕುಡಿಯುವುದು ನನ್ನ ಕ್ರಮ, ಅಂದು ಎಂಟಾಗಿತ್ತು. ಹೊಸ ಬಟ್ಟೆಯಲ್ಲಿ ಸುತ್ತಿ ಮತ್ತೆ ಟ್ರಂಕಿನ ತಳದಲ್ಲಿ ಇಟ್ಟೆ. ಆ ವರ್ಷದ ಕಿಸೆಯ ಪುಸ್ತಕವನ್ನೂ ಹುಡುಕಿ ಅದರ ಪಕ್ಕದಲ್ಲಿ ಇಟ್ಟಿದ್ದೇನೆ. ನನ್ನ ನಂತರ ಟ್ರಂಕು ತೆಗೆಯುವವರು ಎರಡನ್ನೂ ಕೂಡಿಯೇ ನೋಡಲಿ.

ವಕೀಲರಿಲ್ಲ, ಟರ್ನರ್ ಇಲ್ಲ. ಆ ಪಡಸಾಲೆಯಲ್ಲಿ ಕೂತಿದ್ದವರಲ್ಲಿ ಉಳಿದವನು ನಾನೊಬ್ಬನೇ. ಅಂದು ವಸ್ತಾದರು ಕೇಳಿದ ಪ್ರಶ್ನೆ ಮಾತ್ರ ಕೇಳಿದ ಹಾಗೆಯೇ ಇದೆ.

ಹೌದ್ರಿ ವಸ್ತಾದ್ರ. ಮುಟ್ಟಿದ್ದೆ. ಹನ್ನೆರಡು ಹೊಡತ.