ಹುಳುಮನೆಯ ದೀಪ

ಅಕ್ಕಾ, ಆವತ್ತು ಹುಳುಮನೆಯಲ್ಲಿ ದೀಪ ತಾನಾಗಿ ಆರಲಿಲ್ಲ. ನಾನು ಊದಿ ಆರಿಸಿದೆ. ಇನ್ನೊಂದು ಮಾತಿದೆ, ಅದು ಇದಕ್ಕಿಂತ ದೊಡ್ಡದು — ಊದುವ ಮೊದಲೇ ನಿನ್ನ ಮಗು ರತ್ನಿಯ ಕಣ್ಣಿನಲ್ಲಿ ಇದ್ದದ್ದು ಏನೆಂದು ನನಗೆ ಗೊತ್ತಿತ್ತು.

ಬರೆದುಬಿಟ್ಟೆ. ಇಷ್ಟು ವರ್ಷ ಗಂಟಲಲ್ಲಿ ಕೂತಿದ್ದು ಇಷ್ಟು ಚಿಕ್ಕದೇ ಎಂದು ನನಗೇ ಆಶ್ಚರ್ಯವಾಗುತ್ತಿದೆ. ನಿನಗೆ ಓದಲು ಬರುವುದಿಲ್ಲ. ಆದರೂ ಮೊದಲು ಬರೆಯುತ್ತಿದ್ದೇನೆ, ಏಕೆಂದರೆ ಎದುರಿಗೆ ಕೂತರೆ ನಾನು ಜಾರಿಕೊಳ್ಳುವವನು. ಸಂಕಟದ ಮಾತನ್ನು ಸುತ್ತಿ ಬಳಸಿ ಮೆತ್ತಗೆ ಹೇಳುವುದೇ ನನ್ನ ಕಸುಬಾಗಿಬಿಟ್ಟಿದೆ.

ಆಗ ನಾನಿನ್ನೂ ಬೆಂಗಳೂರಿನಲ್ಲಿ ಮೆಡಿಕಲ್ ಓದುತ್ತಿದ್ದೆ. ಕನ್ನಡ ಸೀಮೆಗಳೆಲ್ಲ ಕೂಡಿ ಮೈಸೂರು ರಾಜ್ಯ ದೊಡ್ಡದಾದ ಹೊಸದು. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿ ಓದಿಸಿದವಳು ನೀನು. ರಜೆ ಬಂದರೆ ದಿಬ್ಬೂರಹಳ್ಳಿಯ ನಿನ್ನ ಗಂಡನ ಮನೆಯೇ ನನಗೂ ಮನೆ. ಆ ಸಲ ರಜೆಗೆ ಹೊರಡುವ ಮೊದಲು ನಮ್ಮ ಮೇಷ್ಟ್ರು ಒಂದು ಗಾಜಿನ ಜಾಡಿಯನ್ನು ನನ್ನ ಕೈಗೆ ಕೊಟ್ಟಿದ್ದರು. ಒಳಗೆ ಒಂದು ಮಗುವಿನ ಕಣ್ಣು. ಸೀಳಿ ಇಟ್ಟದ್ದು. ಅದರ ಹೊಟ್ಟೆಯಲ್ಲಿ ಗಟ್ಟಿ ಮೊಸರಿನಂಥ ಬಿಳಿ ಗಡ್ಡೆ. 'ಕಣ್ಣಿನ ಕ್ಯಾನ್ಸರ್. ಮೊದಲು ತಾಯಿಗೇ ಕಾಣುತ್ತೆ, ಮಬ್ಬಿನಲ್ಲಿ ದೀಪ ಹಿಡಿದಾಗ, ಬೆಕ್ಕಿನ ಕಣ್ಣಿನ ಹಾಗೆ. ಆಗಲೇ ಕಣ್ಣು ತೆಗೆದರೆ ಮಗು ಉಳಿಯುತ್ತೆ' ಎಂದಿದ್ದರು. ಜಾಡಿಯನ್ನು ತಿರುಗಿಸಿದೆ. ಕಣ್ಣು ನಿಧಾನವಾಗಿ ತಿರುಗಿ ನನ್ನ ಕಡೆಗೆ ಬಂದು ನಿಂತಿತು.

ನಾನು ನಿಮ್ಮಲ್ಲಿಗೆ ಬಂದಾಗ ರೇಷ್ಮೆ ಹುಳುಗಳು ಕೊನೆಯ ಪೊರೆ ಬಿಟ್ಟು ಎದ್ದಿದ್ದವು. ಪೊರೆ ಬಿಡುವುದಕ್ಕೆ ನಿಮ್ಮಲ್ಲಿ ಜ್ವರ ಎನ್ನುತ್ತೀರಿ; ನಾಲ್ಕನೇ ಜ್ವರ ಎದ್ದಿದೆ ಎಂದು ನೀವೆಲ್ಲ ಖುಷಿಯಲ್ಲಿದ್ದಿರಿ. ಆ ದಿನ ಮನೆಯ ಸೊಸೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ಹರಳೆಣ್ಣೆ ದೀಪ ಹಿಡಿದು, ಹುಳುವಿನ ತಟ್ಟೆಗಳ ಸುತ್ತ ಬರುವುದು ನಿನ್ನ ಅತ್ತೆ ನಡೆಸಿಕೊಂಡು ಬಂದ ಪದ್ಧತಿ. ಅಲ್ಲಿಂದ ಹುಳು ಬಿದಿರಿನ ಚಂದ್ರಿಕೆಗೆ ಹತ್ತಿ ಗೂಡು ಕಟ್ಟುವ ತನಕ ಆ ಸೂರಿನ ಕೆಳಗೆ ಯಾರೂ ರೋಗದ ಮಾತು, ಸಾವಿನ ಮಾತು ಆಡುವಂತಿಲ್ಲ.

ಮಟಮಟ ಮಧ್ಯಾಹ್ನ. ಆದರೂ ಕಿಟಕಿಗೆಲ್ಲ ಒದ್ದೆ ಗೋಣಿ ಕಟ್ಟಿದ್ದರಿಂದ ಹುಳುಮನೆಯೊಳಗೆ ಕತ್ತಲೆ. ನೀನು ತಟ್ಟೆಗಳ ಆ ಕಡೆಯಿಂದ ಕರೆದೆ.

"ಕಿಟ್ಟಪ್ಪ, ಬಾರೋ ಇಲ್ಲಿ. ಮಗೀನ ಕಣ್ಣಲ್ಲಿ ಏನೋ ಹೊಳೀತೈತೆ. ನೀನು ಓದಿರೋನು, ನೋಡಪ್ಪ."

"ಅದು ಅಮ್ಮೋರ ಕಳೆ ಕಣೇ. ಅದ್ಕೆಲ್ಲ ಡಾಕ್ಟ್ರು ಯಾಕೆ?" ಎಂದರು ಬಾಗಿಲಲ್ಲಿದ್ದ ನಿನ್ನ ಅತ್ತೆ.

ನಾನು ಹತ್ತಿರ ಬಂದೆ. ನೀನು ದೀಪ ಎತ್ತಿದೆ. ರತ್ನಿ ನನ್ನನ್ನು ನೋಡಿ ನಕ್ಕಳು — ಆಗಷ್ಟೇ ಮಾತು ಬರುತ್ತಿದ್ದ ಮಗು. ಅವಳ ಒಂದು ಕಣ್ಣು ಎಲ್ಲ ಮಕ್ಕಳ ಕಣ್ಣಿನಂತೆ ಕಪ್ಪಗಿತ್ತು. ಇನ್ನೊಂದರ ಒಳಗೆ ಬೆಳ್ಳಗೆ ಏನೋ ಹತ್ತಿಕೊಂಡಿತು. ಮಗು ನಗುತ್ತಿತ್ತು, ಆ ಕಣ್ಣು ನಗುತ್ತಿರಲಿಲ್ಲ. ಜಾಡಿಯಲ್ಲಿದ್ದದ್ದು ನನ್ನ ಹಿಂದೆಯೇ ಬಸ್ಸು ಹತ್ತಿ ಬಂದು, ನನ್ನ ಅಕ್ಕನ ಕಂಕುಳಲ್ಲಿ ಕೂತು, ನನ್ನನ್ನು ಗುರುತು ಹಿಡಿದಿತ್ತು — ಹಾಗೆ ಅನ್ನಿಸಿತು. ಅದನ್ನು ನೋಡಲಾರದೆ ಊದಿಬಿಟ್ಟೆ.

ಕತ್ತಲೆ. ಹುಳುಗಳು ಸೊಪ್ಪು ಕಡಿಯುವ ಸದ್ದು ಮಾತ್ರ — ಅದಕ್ಕೆ ನಿಲುಗಡೆಯೇ ಇಲ್ಲ, ನಾಲ್ಕೂ ಗೋಡೆ ಕಡಿಯುತ್ತಿರುವ ಹಾಗೆ. ಆ ಸದ್ದಿನ ನಡುವೆ ಪುಟ್ಟ ಬೆರಳುಗಳು ಬಂದು ನನ್ನ ತುಟಿ ಹುಡುಕಿದವು. ಸರಿಯಾಗಿ ತುಟಿಯನ್ನೇ. ಆಮೇಲೆ ನನ್ನ ಮುಖಕ್ಕೆ ಬೆಚ್ಚಗೆ ಉಸಿರು ತಾಗಿತು.

"ಮಾಮ... ಉಫ್."

ಅಷ್ಟರಲ್ಲಿ ನಿನ್ನ ಅತ್ತೆ ಕೂಗಿಕೊಂಡರು. "ಅಯ್ಯೋ ದೇವುಡಾ! ಗಾಳಿ ಇಲ್ದೆ ದೀಪ ಹೋಯ್ತಲ್ಲೇ! ಮೈಲಿಗೇಲಿ ಮುಟ್ಟಿದ್ಯೇನೇ?"

ನಮ್ಮ ಮನೆಗಳಲ್ಲಿ ದೀಪವನ್ನು ಯಾರೂ ಬಾಯಿಂದ ಊದುವುದಿಲ್ಲ. ಹೂವಿನಿಂದ ಶಾಂತ ಮಾಡುತ್ತಾರೆ. ಆರಿಸು ಎಂಬ ಮಾತನ್ನೂ ಆಡುವುದಿಲ್ಲ. ಆದ್ದರಿಂದ ಮನುಷ್ಯನೊಬ್ಬ ಊದಿರಬಹುದು ಎಂಬ ಯೋಚನೆ ಅಲ್ಲಿ ಯಾರಿಗೂ ಬರಲಿಲ್ಲ. ನಿನ್ನನ್ನು ಹೊರಗೆ ಕಳಿಸಿದರು. ನೀನು ಅಂಗಳದ ಬಿಸಿಲಲ್ಲಿ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದೆ. ನಾನು ಪಕ್ಕದಲ್ಲೇ ಇದ್ದೆ. 'ಗಾಳಿ ಬಂದಿರಬೇಕು' ಎಂದಷ್ಟಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಆ ಮೇಲಿನ ದಿನಗಳಲ್ಲಿ ರತ್ನಿ ದೀಪ ಕಂಡಲ್ಲೆಲ್ಲ ಹತ್ತಿರ ಹೋಗಿ, ತುಟಿ ಮುಂದೆ ಮಾಡಿ ಉಫ್ ಎನ್ನುತ್ತಿದ್ದಳು. ಅಂದವಳೇ ನನ್ನ ಕಡೆ ತಿರುಗಿ ನೋಡುತ್ತಿದ್ದಳು. ನಿಮಗೆಲ್ಲ ಅದು ಅಮ್ಮನವರ ಆಟ. ಸತ್ಯ ಹೇಳುವವಳು ಆ ಮನೆಯಲ್ಲಿ ಅವಳೊಬ್ಬಳೇ ಇದ್ದಳು, ಅಕ್ಕ. ನಾನು ಅವಳನ್ನು ಎತ್ತಿಕೊಳ್ಳುವುದನ್ನು ಬಿಟ್ಟೆ.

ಹುಳು ಹತ್ತಲಿ, ಆಮೇಲೆ ಹೇಳೋಣ ಎಂದುಕೊಂಡೆ. ಮನೆಯ ಕಟ್ಟುಪಾಡು ನನಗೆ ಒಳ್ಳೆಯ ಮರೆಯಾಯಿತು. ಹುಳು ಹತ್ತಿದವು. ಗೂಡು ಬಿಡಿಸಿದ್ದಾಯಿತು, ಗಾಡಿಯಲ್ಲಿ ಶಿಡ್ಲಘಟ್ಟಕ್ಕೆ ಹೋದದ್ದೂ ಆಯಿತು. ಮಾತಿಗೆ ಯಾವ ಅಡ್ಡಿಯೂ ಉಳಿದಿರಲಿಲ್ಲ. ನಾನು ಹೊರಟ ಬೆಳಿಗ್ಗೆ, ಬಸ್ಸಿನ ಹತ್ತಿರ, ನೀನು ಮಗುವನ್ನು ಎತ್ತಿಕೊಂಡು ನೆಟ್ಟಗೆ ಕೇಳಿದೆ.

"ಕಿಟ್ಟಪ್ಪ, ನಂಗೆ ಯಾಕೋ ದಿಗಿಲು ಕಣೋ. ಮಗೀನ ಕಣ್ಣು ಬೆಂಗ್ಳೂರಲ್ಲಿ ತೋರ್ಸಣ ಅಂದ್ರೆ ತೋರ್ಸಣ. ನಿಂಗೇನನ್ನಿಸ್ತೈತೆ?"

"ಏನೂ ಇಲ್ಲ ಕಣಕ್ಕ. ಬೆಳೀತಾ ಸರಿಹೋಗ್ತೈತೆ."

ಆ ಎರಡು ಮಾತು. ನೀನು ಉಸಿರು ಬಿಟ್ಟು ನಕ್ಕೆ — ನನ್ನನ್ನು ನಂಬಿ.

ಏಕೆ ಹಾಗೆ ಹೇಳಿದೆ? ಹೆದರಿದ್ದೆ. ಹೆಣ್ಣುಮಗುವಿನ ಕಣ್ಣು ತೆಗೆಸು ಎಂದರೆ ನೀನು ನನ್ನ ಮುಖವನ್ನು ಹೇಗೆ ನೋಡುತ್ತೀಯೋ ಎಂದು ಹೆದರಿದ್ದೆ. ಅದಕ್ಕಿಂತ — ಹೇಳಲು ನಾಚಿಕೆಯಾಗುತ್ತದೆ — ಆ ಮಗುವಿಗೇ ಹೆದರಿದ್ದೆ. ಅದರಿಂದ ದೂರ ಹೋದರೆ ಸಾಕಾಗಿತ್ತು.

ಮುಂದಿನ ರಜೆಗೆ ಬರುವಷ್ಟರಲ್ಲಿ ಆ ಕಣ್ಣು ರೆಪ್ಪೆಯೊಳಗೆ ಹಿಡಿಸದಷ್ಟು ಊದಿತ್ತು. ನಾನೇ ಓಡಾಡಿ ಬೆಂಗಳೂರಿಗೆ ಸೇರಿಸಿದೆ. ಎಲ್ಲರೂ ತಮ್ಮ ಅಂದರೆ ಹೀಗಿರಬೇಕು ಎಂದರು. ಡಾಕ್ಟರು ಕೈ ಚೆಲ್ಲಿದರು. ರೋಗ ಇನ್ನೊಂದು ಕಣ್ಣಿಗೂ ಹಬ್ಬಿ, ಕೊನೆಯ ದಿನಗಳಲ್ಲಿ ಅವಳಿಗೆ ಯಾವ ಬೆಳಕೂ ಕಾಣುತ್ತಿರಲಿಲ್ಲ. ಆದರೂ ನಾನು ಕೋಣೆಗೆ ಕಾಲಿಟ್ಟರೆ ತುಟಿ ಮುಂದೆ ಬರುತ್ತಿತ್ತು. ನೀನು ಅದನ್ನು ಮುತ್ತು ಎಂದುಕೊಂಡೆ.

ಆಮೇಲೆ ಬೊಂಬಾಯಿಗೆ ಹೋಗಿ ಈ ರೋಗವನ್ನೇ ಹಿಡಿದು ಕಲಿತೆ. ಮಕ್ಕಳ ಕ್ಯಾನ್ಸರಿಗೆ ಮದ್ದೇ ಇಲ್ಲ ಎನ್ನುತ್ತಿದ್ದವರ ನಡುವೆ, ರಕ್ತದ ಕ್ಯಾನ್ಸರಿನ ಮಕ್ಕಳು ಹೊಸ ಮಾತ್ರೆಗಳಿಂದ ಕೆಲವು ತಿಂಗಳು ಎದ್ದು ಆಡುವುದನ್ನು ಕಂಡೆ. ಮತ್ತೆ ಮಲಗುವುದನ್ನೂ ಕಂಡೆ. ಹಗಲು ಕಳೆದರೆ ಸಾಕು ಎನ್ನುವಷ್ಟು ಸಾವು ನೋಡಿದೆ. ಊರಿಗೆ ಹಿಂತಿರುಗಿದಾಗ ಚಿಕ್ಕಬಳ್ಳಾಪುರದಲ್ಲಿ ಹಾರ ಹಾಕಿ ಕೂರಿಸಿದರು. ಏಕೆ ಈ ದಾರಿ ಹಿಡಿದಿರಿ ಎಂದರು. 'ನನ್ನ ಅಕ್ಕನ ಮಗಳು ಇದರಲ್ಲೇ ಹೋದಳು. ಆಗ ಯಾರಿಗೂ ಏನೂ ಗೊತ್ತಿರಲಿಲ್ಲ' ಎಂದೆ. ಜನ ಕಣ್ಣೊರೆಸಿಕೊಂಡರು. ಮುಂದಿನ ಸಾಲಿನಲ್ಲಿ ನೀನಿದ್ದೆ. ಆ ಸುಳ್ಳನ್ನು ಆಮೇಲೆ ಎಷ್ಟೋ ಕಡೆ ಹೇಳಿದ್ದೇನೆ. ಹೇಳುತ್ತಾ ಹೇಳುತ್ತಾ ಚೆನ್ನಾಗಿ ಹೇಳುವುದನ್ನೂ ಕಲಿತೆ.

ನನ್ನ ವಾರ್ಡಿನ ಮಕ್ಕಳ ಕಣ್ಣಿಗೆ ಟಾರ್ಚು ಹಿಡಿದಾಗ ಕೆಲವರು ಅದನ್ನು ಊದುತ್ತಾರೆ. ಮಕ್ಕಳು ಬೆಳಕು ಕಂಡರೆ ಊದುತ್ತವೆ, ಅಷ್ಟೇ. ನನಗೆ ಗೊತ್ತು. ಆದರೂ ಪ್ರತಿ ಸಲ ಕೋಣೆಯಲ್ಲಿ ಎಲ್ಲಿಂದಲೋ ಸೊಪ್ಪು ಕಡಿಯುವ ಸದ್ದು ಶುರುವಾಗುತ್ತದೆ. ನರ್ಸಮ್ಮನನ್ನು ಒಮ್ಮೆ ಕೇಳಿದೆ. ಅವರಿಗೆ ಕೇಳಿಸಲಿಲ್ಲವಂತೆ.

ಇಷ್ಟೇ ಆಗಿದ್ದರೆ ಇದನ್ನು ಹೊತ್ತುಕೊಂಡೇ ಸಾಯುತ್ತಿದ್ದೆನೇನೋ. ಆದರೆ ಮೊನ್ನೆ ವಿದುರಾಶ್ವತ್ಥದಲ್ಲಿ — ನಾಗರಕಲ್ಲುಗಳ ಸಾಲಿನಲ್ಲಿ ನೀನು ರತ್ನಿಗಾಗಿ ನಿಲ್ಲಿಸಿದ ಕಲ್ಲಿನ ಮುಂದೆ — ಹಣತೆಗೆ ಎಣ್ಣೆ ಬಿಟ್ಟು, ಬೆಂಕಿಪೊಟ್ಟಣವನ್ನು ನನ್ನ ಕೈಗೆ ಕೊಟ್ಟೆ.

"ನೀನೇ ಹಚ್ಚಪ್ಪ. ನನ್ ಕೈಯಿ ದೀಪಕ್ಕೆ ಆಗಿಬರಲ್ಲ. ಆವತ್ತು ತಲೆಗೆ ನೀರು ಹಾಕ್ಕೊಳ್ದೆ ದೀಪ ಮುಟ್ಟಿದ್ದೆ ಕಣೋ, ಯಾರ್ಗೂ ಹೇಳಿಲ್ಲ. ಅಮ್ಮೋರು ಎದ್ದು ಹೋಗ್ಬಿಟ್ರು. ನನ್ ಮಗೀನ ನಾನೇ ತಿಂದ್ಕೊಂಡೆ."

ಆಗ ತಿಳಿಯಿತು — ಇಷ್ಟು ವರ್ಷ ನಿನ್ನ ಮನೆಯಲ್ಲಿ ಬೇರೆಯವರೇ ಏಕೆ ದೀಪ ಹಚ್ಚುತ್ತಾರೆಂದು. ನಾನು ಕಡ್ಡಿ ಗೀರಿದೆ. ದೀಪ ಹಚ್ಚಿದೆ. ಸುತ್ತಲೂ ಕಲ್ಲು ಹೆಡೆಗಳು, ರೆಪ್ಪೆಯಿಲ್ಲದ ಕಣ್ಣುಗಳು, ಎಲ್ಲವೂ ನನ್ನ ಕಡೆಗೇ. ಆಗಲೂ ಬಾಯಿ ಬಿಡಲಿಲ್ಲ.

ಬರುವ ಭಾನುವಾರ ದಿಬ್ಬೂರಹಳ್ಳಿಗೆ ಬರುತ್ತೇನೆ, ಅಕ್ಕ. ನಾನು ಕ್ಷಮೆ ಕೇಳಲು ಬರುತ್ತಿಲ್ಲ. ಇದನ್ನು ನಿನಗೆ ಓದಿ ಹೇಳಿ, ನಿನ್ನ ಮುಂದೆ ಹರಳೆಣ್ಣೆ ದೀಪ ಇಟ್ಟು, ಆವತ್ತು ಹೇಗೆ ಊದಿದೆನೋ ಹಾಗೆಯೇ ಊದಿ ತೋರಿಸುತ್ತೇನೆ. ನಿನ್ನ ಮಗಳನ್ನು ತಿಂದವನು ಯಾರೆಂದು ಆಗ ನಿನಗೆ ಕಾಣುತ್ತದೆ. ಆಮೇಲೆ ಬೆಂಕಿಪೊಟ್ಟಣವನ್ನು ನಿನ್ನ ಕೈಗೆ ಕೊಡುತ್ತೇನೆ. ನೀನೇ ಹಚ್ಚು. ಹಚ್ಚಿದ ಮೇಲೆ ನನ್ನ ಮುಖ ನೋಡು ಎಂದು ಕೇಳುವುದಿಲ್ಲ.