ರಾಹುಕಾಲದಲ್ಲಿ ಹಾರಿದ ವಿಮಾನ

ಮಲ್ಲೇಶ್ವರಂ ಎಂಟನೇ ಕ್ರಾಸಿನ ಒಂದು ಕಾರ್ ಶೆಡ್ಡಿನಲ್ಲಿ ಕೂತು ಆಂಡಾಳ್ ಟಾಂಜಾನಿಯಾದಲ್ಲಿ ವಿಮಾನ ಹಾರಿಸುತ್ತಿದ್ದಳು. ಹಾರಿಸುವುದೆಂದರೆ ಟೈಪು, ಫ್ಯಾಕ್ಸು, ಇಂಧನದ ಬಿಲ್ಲು, ಟ್ರಸ್ಟಿಗಳಿಗೆ ಕಾಫಿ. ಟಾಂಜಾನಿಯಾದಲ್ಲಿ ವ್ಯಾಪಾರ ಮಾಡಿ ಮರಳಿದ ಮಲ್ಲೇಶ್ವರದವರೇ ಕಟ್ಟಿದ ಸೇವಾ ಟ್ರಸ್ಟು ಅದು. ಅಲ್ಲಿನ ದೂರದ ಹಳ್ಳಿಗಳ ರೋಗಿಗಳನ್ನು ಆಸ್ಪತ್ರೆಗೆ ಸಾಗಿಸುತ್ತಿತ್ತು. ವಿಮಾನ ಒಂದೇ. ಅದಕ್ಕೆ ಅಪ್ಪಣೆ ಕೊಡಲು ಟ್ರಸ್ಟಿಗಳು ಮಾತ್ರ ಏಳು ಜನ.

ತುರ್ತಿದ್ದಾಗ ಎಲ್ಲರ ಪರವಾಗಿ ಸಹಿ ಹಾಕುವ ಅಧ್ಯಕ್ಷ ರಾಮಸ್ವಾಮಿ ನಿವೃತ್ತ ಎಂಜಿನಿಯರ್. ವಿಜ್ಞಾನದಲ್ಲಿ ಅಪಾರ ನಂಬಿಕೆ, ರಾಹುಕಾಲ ಬಿಟ್ಟು ಉಳಿದ ಹೊತ್ತಿನಲ್ಲಿ.

೧೯೯೭ರ ಒಂದು ಶುಕ್ರವಾರ, ಹತ್ತೂ ಮುಕ್ಕಾಲಿಗೆ ಪೈಲಟ್‌ನ ಫ್ಯಾಕ್ಸ್ ಬಂತು. ಹೆಂಗಸೊಬ್ಬಳಿಗೆ ಹೆರಿಗೆ ಕಷ್ಟವಾಗಿದೆ, ತಕ್ಷಣ ಒಪ್ಪಿಗೆ ಕಳಿಸಿ.

“ಹನ್ನೆರಡರವರೆಗೂ ರಾಹುಕಾಲ ಕಣಮ್ಮ. ಆಮೇಲೆ ಕಳ್ಸೋಣ,” ಎಂದರು ರಾಮಸ್ವಾಮಿ.

“ಸಾರ್, ಅಷ್ಟೊತ್ತಿಗೆ ಆಯಮ್ಮ ಉಳಿಯೋದೇ ಡೌಟು.”

“ಅದಕ್ಕೇ ಹೇಳ್ತಿರೋದು. ಅಂಥವರ್ನ ಕೆಟ್ಟ ಗಳಿಗೆಲಿ ಹೊರಡಿಸ್ತಾರಾ?”

ಹೀಗೆ ಕರುಣೆ ತೋರಿಸಿ ಅವರು ಶೆಡ್ಡಿನ ಪಕ್ಕದ ತಮ್ಮ ಮನೆ ಜಗಲಿಗೆ ಹೋಗಿ ಪೇಪರು ಬಿಡಿಸಿದರು. ಆಂಡಾಳಿಗೆ ಮೈಯೆಲ್ಲ ಉರಿಯಿತು. ಕೆಲಸ ಹೋದರೆ ತನ್ನ ಗತಿ ಏನೆಂಬುದು ಅವಳಿಗೆ ಗೊತ್ತಿತ್ತು. ಆದರೂ ‘ಅಧ್ಯಕ್ಷರ ಪರವಾಗಿ’ ಎಂದು ಸಹಿ ಮಾಡಿ, ಫ್ಯಾಕ್ಸಿನ ಸದ್ದು ಕೇಳದಿರಲೆಂದು ರೇಡಿಯೋ ಜೋರು ಮಾಡಿ, ಒಪ್ಪಿಗೆ ಕಳಿಸಿಬಿಟ್ಟಳು. ಹನ್ನೆರಡಕ್ಕೆ ರಾಮಸ್ವಾಮಿ ಕೈಕಾಲು ತೊಳೆದು ಬಂದು, ಪೂರ್ವಕ್ಕೆ ತಿರುಗಿ ಸಹಿ ಹಾಕಿದ ಒಪ್ಪಿಗೆಯನ್ನೂ ಕಳಿಸಿದಳು. ಸಂಜೆ ಸುದ್ದಿ ಬಂತು: ಗಂಡು ಮಗು, ಇಬ್ಬರೂ ಕ್ಷೇಮ.

ಸೋಮವಾರದ ಮೀಟಿಂಗಿನಲ್ಲಿ ರಾಮಸ್ವಾಮಿ ಮುಹೂರ್ತದ ಮಹಿಮೆಯನ್ನು ಬಣ್ಣಿಸಿದ್ದೇ ಬಣ್ಣಿಸಿದ್ದು. ಇನ್ನು ಮುಂದೆ ರಾಹುಕಾಲದಲ್ಲಿ ವಿಮಾನ ಕದಲಕೂಡದೆಂದು ನಿಯಮವನ್ನೇ ಮಾಡಹೊರಟರು. ಟ್ರಸ್ಟಿಗಳು ಹಲ್ವಾ ಬಾಯಲ್ಲಿಟ್ಟುಕೊಂಡೇ ತಲೆಯಾಡಿಸಿದರು.

“ಬರ್ಕೊಳಮ್ಮ.”

ಆಂಡಾಳ್ ಬರೆಯಲಿಲ್ಲ. ಎದ್ದು ನಿಂತಳು.

“ವಿಮಾನ ಹೊರಟಿದ್ದೇ ರಾಹುಕಾಲದಲ್ಲಿ ಸಾರ್. ನಾನೇ ಕಳ್ಸಿದ್ದು. ಕಾದಿದ್ರೆ ಇಬ್ರೂ ಉಳೀತಿರ್ಲಿಲ್ಲ.”

ಕೆಲಸ ಹೋಯಿತೆಂದೇ ಅವಳು ಅಂದುಕೊಂಡಳು. ನಿಯಮದ ಮಾತಂತೂ ಅಲ್ಲಿಗೇ ಬಿತ್ತು. ರಾಮಸ್ವಾಮಿಯವರ ಮುಖ ಮೊದಲು ಕಪ್ಪಿಟ್ಟಿತು, ಆಮೇಲೆ ಚಿಂತೆಗೆ ಬಿತ್ತು.

“ಹಾಗಾದ್ರೆ ಆ ಮಗೂಗೆ ದೋಷ ಅಂಟ್ಕೊಂಡಿರತ್ತೆ. ಶಾಂತಿ ಮಾಡಿಸ್ಲೇಬೇಕು. ನೀನೇ ತಾನೆ ಕಳ್ಸಿದ್ದು, ಈಗ ನೀನೇ ಫ್ಯಾಕ್ಸ್ ಮಾಡಿ ನಕ್ಷತ್ರ, ಗೋತ್ರ ಕೇಳು.”

ಮಗು ಉಳಿದಿತ್ತು, ಕೆಲಸವೂ ಉಳಿದಿತ್ತು. ಆಂಡಾಳ್ ಟೈಪ್‌ರೈಟರಿಗೆ ಹಾಳೆ ಏರಿಸಿ, ಟಾಂಜಾನಿಯಾದ ಕೂಸಿನ ಗೋತ್ರ ಯಾವುದೆಂದು ಪೈಲಟ್‌ನನ್ನು ವಿನಯದಿಂದ ಕೇಳಿದಳು.