ತವರೂರು ಸೇರಿಸಿದ ಸಾಲು

ಇಲ್ಲಿ ಬರುವ ಊರುಗಳನ್ನು ನಾನು ಬೇಕೆಂದೇ ಅದಲುಬದಲು ಮಾಡಿದ್ದೇನೆ. ಇನ್ನೂ ಒಂದೆರಡು ಸಂಗತಿಗಳನ್ನು ಬದಲಿಸಿದ್ದೇನೆ. ಉಳಿದದ್ದು ನಡೆದಂತೆಯೇ ಇದೆ.

ಇಂಡಿ ಪಟ್ಟಣದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಅಂತರಜಾಲದಲ್ಲಿ ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶವೊಂದಿದೆ. ಅದಕ್ಕೆ ಕೆಲವು ವರ್ಷ ಲೇಖನ ಬರೆದೆ. ನಮ್ಮ ಕಡೆಯ ಬಾವಿ, ಶಾಸನ, ಜೋಳದ ತಳಿ, ಇಂಥವು. ಬದುಕಿರುವವರ ಬಗ್ಗೆ ಬರೆದದ್ದು ಒಂದೇ ಸಲ.

ಆಕೆ ಬಸವನ ಬಾಗೇವಾಡಿಯಲ್ಲಿ ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆ, ಧೋತರದ ತುಂಡುಗಳನ್ನು ಒಂದರ ಮೇಲೊಂದು ಕೂಡಿಸಿ ಹೊಲಿದ ಆ ಹೊದಿಕೆಗಳು ದೂರದ ಪ್ರದರ್ಶನಗಳಿಗೆ ಹೋಗಿ ಬಂದಿದ್ದವು. ಪತ್ರಿಕೆಯಲ್ಲೂ ಎರಡು ಸಲ ಬರಹ ಬಂದಿತ್ತು. ವಯಸ್ಸು ನಲವತ್ತರ ಆಸುಪಾಸು. ಮನೆಯಲ್ಲಿ ಅವರು, ಪಿಯುಸಿ ಓದುವ ಮಗಳು, ಇಬ್ಬರೇ. ನಾನು ಹೋದಾಗ ಒಂದು ತಾಸು ಹೊಲಿಗೆಯ ಬಗ್ಗೆ ಹೇಳಿದರು. ನಾನು ಏಳುವಾಗ ಅಂದರು:

“ಕೆಲಸದ ಬಗ್ಗೆ ಏನ್ ಬೇಕಾದ್ರೂ ಬರೀರಿ ಮಾಸ್ತರ. ನನ್ನ ತವರ ಮಾತ್ರ ಬರೀಬ್ಯಾಡ್ರಿ.”

“ತವರ ಇಲ್ದ ಹೆಣ್ಮಗಳ ಯಾರ ಅದಾರ್ರಿ ಅಕ್ಕಾರ?” ಎಂದು ನಕ್ಕೆ.

ಅವರು ನಗಲಿಲ್ಲ. ನಾನು ಅದನ್ನು ಸಂಕೋಚವೆಂದುಕೊಂಡೆ.

ವಾಸ ಬಸವನ ಬಾಗೇವಾಡಿ ಎಂದಷ್ಟೇ ಬರೆದು, ತವರಿನ ಹೆಸರಿಲ್ಲದೆಯೇ ಲೇಖನ ಹಾಕಿದೆ. ಎಂಟು ದಿನಕ್ಕೆ ಅದರ ನೆತ್ತಿಯ ಮೇಲೆ ಅಳಿಸಬೇಕೆಂಬ ಚೀಟಿ ಬಿತ್ತು. ಅಂಟಿಸಿದವರು ದಕ್ಷಿಣದ ಯಾವುದೋ ಊರಿನ ಸಂಪಾದಕರು, ನಾನು ಮುಖ ನೋಡಿದವರಲ್ಲ. ಈಕೆ ವಿಶ್ವಕೋಶಕ್ಕೆ ಬರುವಷ್ಟು ಗಮನಾರ್ಹರಲ್ಲ, ಹುಟ್ಟಿದ್ದೆಲ್ಲಿ ಎಂಬುದಕ್ಕೂ ಆಧಾರವಿಲ್ಲ ಎಂದು ಬರೆದಿದ್ದರು. ನನಗೆ ಸಿಟ್ಟು ಬಂತು. ನಮ್ಮ ಕಡೆಯವರೆಂದರೆ ಇವರಿಗೆ ಇಷ್ಟೇ ಎಂದುಕೊಂಡೆ. ಆಧಾರ ಹುಡುಕಲು ಹೊರಟೆ.

ಸಿಂದಗಿಯಲ್ಲಿ ಒಬ್ಬರ ಮನೆಯ ಅಟ್ಟದ ಮೇಲೆ ಹಳೆಯ ಸ್ಮರಣ ಸಂಚಿಕೆ ಸಿಕ್ಕಿತು. ಮಹಿಳೆಯರ ಒಂದು ಸಮಾರಂಭದಲ್ಲಿ ಆಕೆಗೆ ಸನ್ಮಾನವಾಗಿತ್ತು. ನಮ್ಮಲ್ಲಿ ಸನ್ಮಾನಪತ್ರ ಓದುವುದಕ್ಕೆ ಒಂದು ಕ್ರಮವಿದೆ. ಮೊದಲು ತವರು, ಆಮೇಲೆ ಕೊಟ್ಟ ಮನೆ, ಕೊನೆಗೆ ಸಾಧನೆ. ಹೆಣ್ಣುಮಗಳಿಗೆ ಅದೇ ಮರ್ಯಾದೆ. ಆ ಕ್ರಮ ತಪ್ಪದಂತೆ, ಆಕೆಯ ಬಾಲ್ಯದ ಗೆಳತಿಯೊಬ್ಬಳು ಮುದ್ದೇಬಿಹಾಳ ತಾಲ್ಲೂಕಿನ ಹಳ್ಳಿಯ ಹೆಸರು ಬರೆದುಕೊಟ್ಟಿದ್ದಳು. ಅಚ್ಚಾದದ್ದು ಅಲ್ಲೊಂದೇ ಕಡೆ. ಅದನ್ನು ಓದಿದವರು ಹೆಚ್ಚಿರಲಾರರು.

ನಾನು ಆ ಸಾಲು ಸೇರಿಸಿದೆ. ಅಡಿಯಲ್ಲಿ ಆಧಾರ ಕೊಟ್ಟೆ. ಮೂರು ಪುಟದಷ್ಟು ವಾದ ಬರೆದೆ. ಲೇಖನ ಉಳಿಯಿತು.

“ಏನ್ರಿ, ಕೌದಿ ಸಲುವಾಗಿನೂ ಕಟಕಟಿ ಹತ್ತಿ ಗೆದ್ ಬಂದ್ರಂತ?” ಎಂದರು ಸಾಲೆಯ ಗಣಿತದ ಮಾಸ್ತರು. ನನಗೆ ಹೆಮ್ಮೆಯಾಗಿತ್ತು.

ಮೂರನೆಯ ವಾರ ಯಾರೋ ಒಂದು ಸಾಲು ಸೇರಿಸಿದರು. ಹೆಸರಿರಲಿಲ್ಲ, ಖಾತೆ ತೆರೆಯದೆ ಬರೆದವರಿಗೆ ಬೀಳುವಂತೆ ಹೆಸರಿನ ಜಾಗದಲ್ಲಿ ಬರೀ ಅಂಕಿಗಳು. “ಇವರಿಗೆ ಒಬ್ಬಳು ಮಗಳಿದ್ದಾಳೆ.” ಆಧಾರ ಕೊಟ್ಟಿರಲಿಲ್ಲ, ಆದರೆ ಮಾತು ನಿಜ. ಹಾಗೆಂದು ನಾನು ಅದನ್ನು ಬಿಟ್ಟೆ. ಐದು ದಿನಕ್ಕೆ ಅವೇ ಅಂಕಿಗಳಿಂದ ಇನ್ನೊಂದು ಸಾಲು ಬಂತು: “ಮಗಳ ಮದುವೆ ಸೋದರತ್ತೆಯ ಮಗನೊಂದಿಗೆ ನಿಶ್ಚಯವಾಗಿದೆ.”

ಸರಿಯೇ ಎಂದು ಕೇಳಲು ಆಕೆಗೆ ಫೋನ್ ಮಾಡಿದೆ.

“ಇದನ್ನ ಎಲ್ಲಿ ಓದಿದ್ರಿ?” ಎಂದರು.

ಹೇಳಿದೆ. ಅವರೂ ಹೇಳಿದರು. ಮಗಳನ್ನು ತೊಟ್ಟಿಲಿಗೆ ಹಾಕಿದ ದಿನವೇ ಗಂಡನ ಅಕ್ಕ ತನ್ನ ಮಗನಿಗೆಂದು ಮಾತು ತೆಗೆದುಕೊಂಡಿದ್ದಳು. ಇವರು ಒಲ್ಲೆನೆಂದಾಗ ಗಂಡನ ಮನೆಯಲ್ಲಿ ಹೊಡೆತ ಶುರುವಾಯಿತು. ಮಗಳಿಗೆ ಆರು ವರ್ಷವಿದ್ದಾಗ ಕರೆದುಕೊಂಡು ಹೊರಬಿದ್ದರು. ತವರಿನವರೂ ಆ ಕಡೆಯೇ ನಿಂತರು.

“ನನ್ನ ಹೆಸರಿನಾಕಿ ಊರಿಗೆ ಹತ್ತ ಮಂದಿ ಸಿಗ್ತಾರ್ರಿ. ಹೆಸರಿಗಿ ತವರ ಕೂಡಿದ್ರ ಮುಗೀತು, ಅಕಿ ನಾನೇ.” ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಮೂರೂ ಸಾಲು ತೆಗೆದೆ. ಮರುದಿನ ಅಂಕಿಗಳವನು ಮಗಳ ಸಾಲುಗಳನ್ನು ಮತ್ತೆ ತಂದ. ದಕ್ಷಿಣದ ಸಂಪಾದಕರು ಆಧಾರವಿಲ್ಲವೆಂದು ಅವನ್ನು ಕಿತ್ತರು, ಆಧಾರವಿದೆಯೆಂದು ತವರನ್ನು ಉಳಿಸಿದರು. ಇಡೀ ಲೇಖನ ಅಳಿಸಿ ಎಂದು ಬೇಡಿದೆ. “ಗಮನಾರ್ಹರೆಂದು ಅಷ್ಟು ವಾದಿಸಿದವರು ನೀವೇ ಅಲ್ಲವೆ? ಈಗ ಬೇಡವೆನ್ನಲು ಕಾರಣವೇನು?” ಎಂದು ಕೇಳಿದರು. ಅವರು ಕೆಟ್ಟವರಲ್ಲ. ಕಾರಣವನ್ನು ನಾನು ಬರೆಯುವಂತಿರಲಿಲ್ಲ. ಚರ್ಚೆಯ ಪುಟ ಎಲ್ಲರಿಗೂ ಕಾಣುತ್ತದೆ, ಅಂಕಿಗಳವನಿಗೂ.

ಕೊನೆಗೆ ವಿಶ್ವಕೋಶದ ನಿರ್ವಾಹಕರೊಬ್ಬರಿಗೆ ಗುಟ್ಟಾಗಿ ಪತ್ರ ಬರೆದೆ. ಅವರು ಒಪ್ಪಿದರು. ಆಕೆ ಹೂಂ ಎಂದರೆ ಸಾಕು, ಹಳೆಯ ಪ್ರತಿಗಳ ಸಮೇತ ತೆಗೆಯುತ್ತೇವೆ ಎಂದರು. ಅದನ್ನು ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ದೇವರ ಹಿಪ್ಪರಗಿಯಲ್ಲಿ ಬಸ್ಸು ಬದಲಿಸಿ ಬಾಗೇವಾಡಿಗೆ ಹೋದೆ.

ಅವರ ಓಣಿಯ ಬಾಯಲ್ಲಿ ಚಹಾದ ಅಂಗಡಿ. ಅಂಗಡಿಯವನು ನನ್ನನ್ನು ಗುರುತಿಸಿದ.

“ಕೌದಿ ಅಕ್ಕಾರ ಭಾರಿ ಹೆಸರಾದ್ರ ಬಿಡ್ರಿ. ನಿನ್ನಿ ಇಬ್ಬರ ಬಂದಿದ್ರು, ಫೋನಿನ್ಯಾಗ ಫೋಟೋ ತೋರ್ಸಿ ಮನಿ ಕೇಳಿದ್ರು. ಭಾಳ ಮರ್ಯಾದಸ್ಥ ಮಂದಿ. ಮಗಳ ಕಾಲೇಜಿಗಿ ಎಷ್ಟಕ್ಕ ಹೋಗ್ತಾಳಂತನೂ ಕೇಳಿದ್ರು.”

“ಏನ್ ಹೇಳಿದಿ?”

“ಗೊತ್ತಿದ್ದದ್ದ ಹೇಳಿನಿ. ಯಾಕ್ರಿ?”

ಮನೆಯಲ್ಲಿ ಇಬ್ಬರೂ ಇದ್ದರು. ಗೋಡೆಯ ಉದ್ದಕ್ಕೆ ಸಾಮಾನು ಕಟ್ಟಿದ ಗಂಟುಗಳು. ಮಗಳು ನನ್ನನ್ನು ನೋಡಿ ಒಳಗೆ ಹೋದಳು. ಆಕೆ ಬಾಗಿಲು ಮುಂದೆ ಮಾಡಿ ಚಿಲಕ ಹಾಕಿದರು.

“ಇಲ್ಲಿಗಿ ಬರ್ತೇನಂತ ಯಾರಿಗಾರ ಹೇಳೀರೇನ್ರಿ?”

ಇಲ್ಲವೆಂದೆ. ಅಳಿಸಲು ಒಪ್ಪಿದ್ದಾರೆ, ನೀವು ಹೂಂ ಅನ್ನಿ ಎಂದೆ.

ಆಕೆ ಒಂದು ಗಂಟನ್ನು ಬಿಗಿದು ಕಟ್ಟಿದರು. “ಬ್ಯಾಡ್ರಿ. ಅಳಿಸಬ್ಯಾಡ್ರಿ. ಬಾಗೇವಾಡಿ ಅಂತ ಇದ್ರ ಇಲ್ಲೇ ಹುಡುಕ್ಕೋತ ಇರ್ತಾರ. ಅಳಿಸಿದ್ರ ನಾವು ಹಾರಿದ್ವಿ ಅಂತ ತಿಳೀತೈತಿ.”

“ಎಲ್ಲಿಗಿ ಹೊಂಟೀರಿ ಅಕ್ಕಾರ?”

“ನೀವೂ ಕೇಳ್ತೀರಲ್ಲ ಮಾಸ್ತರ.”

ಸಂಜೆಯ ಬಸ್ಸಿಗೆ ವಾಪಸಾದೆ. ಆಮೇಲೆ ಅವರ ಫೋನ್ ಹತ್ತಲಿಲ್ಲ.

ಸುಳ್ಳಾದ ಒಂದು ಲೇಖನವನ್ನು ತಿಳಿದೂ ತಿಳಿದೂ ಕಾಯುತ್ತ ಕೂತೆ. ದಿನಕ್ಕೆ ಎರಡು ಸಲ ತೆರೆದು ನೋಡುತ್ತಿದ್ದೆ. ಎರಡು ತಿಂಗಳು ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ವಾಸಸ್ಥಳದ ಪಕ್ಕದಲ್ಲಿ ಸೂಚನೆಯಿತ್ತು: “ಈ ಮಾಹಿತಿ ಹಳೆಯದು. ಗೊತ್ತಿದ್ದವರು ಈಗಿನ ಊರು ಸೇರಿಸಿ.” ಹಾಕಿದ್ದು ಅವೇ ಅಂಕಿಗಳು. ಅದರ ಕೆಳಗೆ ದಕ್ಷಿಣದ ಸಂಪಾದಕರು ನನಗೆ ವಿನಯದಿಂದ ಬರೆದಿದ್ದರು: “ತಾವು ಆ ಭಾಗದವರು. ಒಮ್ಮೆ ವಿಚಾರಿಸಿ ತಿಳಿಸುವಿರಾ?”

ನನಗೆ ಗೊತ್ತಿಲ್ಲ ಎಂದು ಬರೆದೆ. ಅದು ನಿಜವಾಗಿತ್ತು. ಗೊತ್ತಿರುವವರು ಯಾರಾದರೂ, ನನ್ನ ಹಾಗೆ ಒಳ್ಳೆಯ ಮನಸ್ಸಿನಿಂದ, ಆ ಪುಟವನ್ನು ತೆರೆದು ಒಂದು ಸಾಲು ಸೇರಿಸಬಹುದು.